ಕಪ್ ಬೇಡ, ಚೀಟಿ ಎತ್ತೋಣ

ಈ ಕಡೆ ಬಂದು ಬಹಳ ದಿನ ಆಯ್ತು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಬರೆಯೋ ಹೊತ್ತನ್ನೆಲ್ಲ ಒಂದು ಜಗಳ ತಿಂದು ಹಾಕ್ತಾ ಇದೆ. ಸ್ನೇಹಿತರ ನಡುವಿನ ಜಗಳವೇ, ಆದ್ರೆ ಸಣ್ಣದಲ್ಲ. ನಾನೀಗ ಇರೋದು ಅಮೆರಿಕದ ಓಹಾಯೋ ರಾಜ್ಯದ ಒಂದು ಮಧ್ಯಮ ಗಾತ್ರದ ಊರಿನಲ್ಲಿ. ಇಲ್ಲಿನ ರೋಲರ್ ಡರ್ಬಿ ಲೀಗಿನವರು ಬರೋ ವಸಂತದಲ್ಲಿ ಒಂದು ಶನಿವಾರ-ಭಾನುವಾರ ಸುತ್ತಲಿನ ಊರುಗಳ ಆಟಗಾರರನ್ನೆಲ್ಲ ಕರೆಯೋಣ ಅಂತ ತೀರ್ಮಾನ ಮಾಡಿದೀವಿ. ಕರೆದು ಏನು ಮಾಡಬೇಕು ಅನ್ನೋದರಲ್ಲಿ ಎರಡು ಪಕ್ಷ. ಒಂದು ಪಕ್ಷದವರು ನಾಲ್ಕು ತಂಡ ಕರೆದು ಟೂರ್ನಮೆಂಟ್ ಮಾಡೋಣ, ಗೆದ್ದವರಿಗೆ ಕಪ್ ಕೊಡೋಣ ಅಂತಾರೆ. ಇನ್ನೊಂದು ಪಕ್ಷದವರು ತಂಡಗಳೇ ಬೇಡ, ಬಂದವರ ಹೆಸರನ್ನೆಲ್ಲ ಚೀಟಿಯಲ್ಲಿ ಬರೆದು, ಎತ್ತಿ, ಬೆರೆಸಿ ಆಡೋಣ ಅಂತಾರೆ. ನಾನು ಚೀಟಿ ಪಕ್ಷ. ಯಾಕೆ ಅಂತ ಇಲ್ಲಿ ಬರೆದುಬಿಡ್ತೀನಿ. ಮೀಟಿಂಗಿನಲ್ಲಿ ಇಂಗ್ಲಿಷಲ್ಲಿ ಹೇಳೋವಾಗ ನನ್ನ ಅರ್ಧ ವಾದ ಗಂಟಲಲ್ಲೇ ಉಳಿದುಹೋಗುತ್ತೆ :-)

ಮೊದಲು, ಡರ್ಬಿ ಅಂದ ತಕ್ಷಣ ಕುದುರೆ ರೇಸು ಕಣ್ಣಮುಂದೆ ಬಂದವರಿಗೆ ಒಂದು ವಿವರಣೆ. ಇದು ಕಾಲಿಗೆ ನಾಲ್ಕು ಚಕ್ರದ ಸ್ಕೇಟ್ಸ್ ಕಟ್ಟಿಕೊಂಡು ಮೊಟ್ಟೆಯಾಕಾರದ ಟ್ರ್ಯಾಕಿನ ಮೇಲೆ ಆಡೋ ಆಟ. ನಮ್ಮ ಕಬಡ್ಡಿಯ ದೂರದ ಸಂಬಂಧಿ ಅಂದ್ಕೊಳ್ಳಿ. ಒಂದೊಂದು ಕಡೆ ಐದೈದು ಜನ. ಅದರಲ್ಲಿ ಒಬ್ಬಳು ಜ್ಯಾಮರ್, ಹೆಲ್ಮೆಟ್ ಮೇಲೆ ನಕ್ಷತ್ರ ಇರುತ್ತೆ. ಅವಳೇ ನಮ್ಮ ರೈಡರ್. ಉಳಿದ ನಾಲ್ಕು ಜನ ಬ್ಲಾಕರ್‌ಗಳು. ಎದುರು ಪಕ್ಷದ ಬ್ಲಾಕರ್‌ಗಳ ಗೋಡೆಯನ್ನ ಭೇದಿಸಿಕೊಂಡು ಜ್ಯಾಮರ್ ಸುತ್ತು ಹಾಕಬೇಕು. ಮೊದಲ ಸಲ ದಾಟಿದ್ದಕ್ಕೆ ಅಂಕ ಇಲ್ಲ, ಆಮೇಲಿನ ಸುತ್ತುಗಳಲ್ಲಿ ದಾಟಿದ ಒಬ್ಬೊಬ್ಬ ಎದುರಾಳಿಗೆ ಒಂದೊಂದು ಅಂಕ. ಕಬಡ್ಡಿಗೂ ಇದಕ್ಕೂ ವ್ಯತ್ಯಾಸ ಏನಂದ್ರೆ ಇಲ್ಲಿ ಎರಡೂ ಕಡೆಯ ರೈಡರ್‌ಗಳು ಒಂದೇ ಹೊತ್ತಿಗೆ ನುಗ್ತಾರೆ. ಹಾಗಾಗಿ ಬ್ಲಾಕರ್ ಆದವಳು ಎದುರಿನವಳನ್ನ ತಡೀತಾನೇ ತನ್ನವಳಿಗೆ ದಾರಿ ಮಾಡಿಕೊಡಬೇಕು. ಭುಜ, ಎದೆ, ಸೊಂಟದಿಂದ ಗುದ್ದಬಹುದು. ಮೊಣಕೈ ಆಡಿಸೋ ಹಾಗಿಲ್ಲ, ಬೆನ್ನಿಗೆ ದೂಡೋ ಹಾಗಿಲ್ಲ, ತಲೆಗೆ ತಾಗಿಸೋ ಹಾಗಿಲ್ಲ. ಒಂದು ಸರದಿ ಅಂದ್ರೆ ಹೆಚ್ಚೆಂದರೆ ಎರಡು ನಿಮಿಷ. ಆಮೇಲೆ 30 ಸೆಕೆಂಡ್ ಬಿಡುವು. 30 ನಿಮಿಷದ ಎರಡು ಅರ್ಧಗಳು. ಇಷ್ಟೇ ಆಟ.

ನಾನು ಇದಕ್ಕೆ ಸೇರಿದ್ದು ಮೂವತ್ತಾರನೇ ವಯಸ್ಸಿನಲ್ಲಿ. ಬ್ಲಾಕರ್, ಅದೂ ಸುಮಾರಾದ ಬ್ಲಾಕರ್. ತೀರ್ಥಹಳ್ಳಿಯಲ್ಲಿರೋ ನಮ್ಮಮ್ಮನಿಗೆ ಮೊದಲ ಸಲ ಫೋಟೋ ಕಳಿಸಿದಾಗ "ಎಂತ ಮಾರಾಯ್ತಿ, ಈ ವಯಸ್ಸಲ್ಲಿ ಕಾಲಿಗೆ ಚಕ್ರ ಕಟ್ಕಂಡು ಗುದ್ದಾಡದಾ? ಬಿದ್ದು ಸೊಂಟ ಮುರ್ಕಂಡ್ರೆ ನೋಡ್ಕಳೋರು ಯಾರೇ ಅಲ್ಲಿ?" ಅಂದಿದ್ರು. ಅಮ್ಮನ ಈ ಪ್ರಶ್ನೆಗೆ ಉತ್ತರ ಕೆಳಗೆ ಬರುತ್ತೆ, ಯಾಕಂದ್ರೆ ವಾರಾಂತ್ಯದ ಕೂಟ ಮಾಡೋರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಅದು.

ಅಂದ ಹಾಗೆ, ಇಲ್ಲಿನವರಿಗೂ ನಮ್ಮ ಬ್ಲಾಗಿಗರಿಗೂ ಒಂದು ಹೋಲಿಕೆ ಇದೆ. ಡರ್ಬಿಯಲ್ಲಿ ಬಹಳ ಜನ ನಿಜವಾದ ಹೆಸರಲ್ಲಿ ಆಡಲ್ಲ. ಒಬ್ಬೊಬ್ಬರಿಗೂ ಒಂದೊಂದು ಕಾವ್ಯನಾಮ, ಹೆಚ್ಚಿನವು ಪದಗಳನ್ನ ತಿರುಚಿ ಮಾಡಿದ ತಮಾಷೆಯ ಹೆಸರುಗಳು. ಐದು ವರ್ಷ ಜೊತೆಗೆ ಬಿದ್ದು ಎದ್ದವರ ನಿಜನಾಮ ನನಗೆ ಇವತ್ತಿಗೂ ಗೊತ್ತಿಲ್ಲ. ಅಕ್ಷರದಲ್ಲಿ ಮಾತ್ರ ಪರಿಚಯ ಇದ್ದವರನ್ನ ಮೊದಲ ಸಲ ಎದುರಿಗೆ ಕಂಡಾಗ "ಓ, ಅದು ನೀವೇನಾ!" ಅನ್ನೋ ಖುಷಿ ಇದೆಯಲ್ಲ, ಅದು ನಿಮಗೆಲ್ಲ ಗೊತ್ತಿರೋದೇ. ಡರ್ಬಿ ವಾರಾಂತ್ಯದ ಅರ್ಧ ಖುಷಿ ಅದೇ. ನಮ್ಮ ಜಗಳದಲ್ಲಿ ಪಣಕ್ಕಿಟ್ಟಿರೋದೂ ಅದೇ.

ಚೂರು ಇತಿಹಾಸ ಹೇಳ್ತೀನಿ, ಆಕಳಿಸಬೇಡಿ. 1935ರಲ್ಲಿ ಷಿಕಾಗೋದಲ್ಲಿ ಲಿಯೋ ಸೆಲ್ಟ್ಜರ್ ಅನ್ನೋ ಪ್ರದರ್ಶನಗಳ ವ್ಯಾಪಾರಿ ಇದನ್ನ ಶುರುಮಾಡಿದ. ಆಗ ಗುದ್ದಾಟ ಇರಲಿಲ್ಲ. ಒಬ್ಬ ಗಂಡು, ಒಬ್ಬ ಹೆಣ್ಣು ಸೇರಿದ ಜೋಡಿಗಳು ಅದೇ ಟ್ರ್ಯಾಕಿನಲ್ಲಿ ದಿನಗಟ್ಟಲೆ ಸುತ್ತಿ, ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದಷ್ಟು ದೂರ ಸ್ಕೇಟ್ ಮಾಡಬೇಕಿತ್ತು. ಒಬ್ಬರಿಗೊಬ್ಬರು ತಾಗಿ ಬೀಳೋದನ್ನ ನೋಡೋಕೆ ಜನ ಹೆಚ್ಚು ಇಷ್ಟಪಡ್ತಾರೆ ಅಂತ ಗೊತ್ತಾದ ಮೇಲೆ, ಪತ್ರಕರ್ತ ಡೇಮನ್ ರನ್ಯನ್ ಸಲಹೆಯೂ ಸೇರಿ, ಅದೇ ಆಟದ ಮುಖ್ಯ ಭಾಗ ಆಯ್ತು. 1940ರ ದಶಕದ ಕೊನೆಗೆ ಟೀವಿ ಬಂತು, ಡರ್ಬಿ ಮನೆಮಾತಾಯ್ತು. ಆದ್ರೆ ಅದು ಒಂದು ಕುಟುಂಬದ ವ್ಯವಹಾರ. ಖರ್ಚು ಗಿಟ್ಟದೆ ಲಿಯೋ ಮಗ ಜೆರ್ರಿ 1973ರಲ್ಲಿ ಅಂಗಡಿ ಮುಚ್ಚಿದ. ಮಾಲೀಕ ಬಾಗಿಲು ಹಾಕಿದ, ಆಟಗಾರರು ಮನೆಗೆ ಹೋದರು. ಅಷ್ಟೇ.

ಮತ್ತೆ ಶುರುವಾಗಿದ್ದು 2001ರಲ್ಲಿ, ಟೆಕ್ಸಸ್‌ನ ಆಸ್ಟಿನ್‌ನಲ್ಲಿ. ಈ ಸಲ ಹೆಂಗಸರ ಕೈಯಲ್ಲಿ. ಎರಡು ವರ್ಷಕ್ಕೆ ಆ ಗುಂಪು ಒಡೆದು, ಹೊರಗೆ ಬಂದವರು 2003ರಲ್ಲಿ ಟೆಕ್ಸಸ್ ರೋಲರ್‌ಗರ್ಲ್ಸ್ ಕಟ್ಟಿದರು. ಇಳಿಜಾರು ಕಟ್ಟಿದ ದುಬಾರಿ ಟ್ರ್ಯಾಕ್ ಬಿಟ್ಟು ಸಮತಟ್ಟಾದ ನೆಲದ ಮೇಲೆ ಆಡಿದರು. ಈ ಒಂದು ಬದಲಾವಣೆಯೇ ಎಲ್ಲವನ್ನೂ ಮಾಡಿದ್ದು. ನೆಲದ ಮೇಲೆ ಹಗ್ಗ ಇಟ್ಟು ಅದರ ಮೇಲೆ ಟೇಪ್ ಅಂಟಿಸಿದರೆ ಟ್ರ್ಯಾಕ್ ರೆಡಿ. ಸುತ್ತಲಿನ ಸುರಕ್ಷತೆಯ ಜಾಗವೂ ಸೇರಿ ಸುಮಾರು 108 ಅಡಿ ಉದ್ದ, 75 ಅಡಿ ಅಗಲದ ನೆಲ ಇದ್ದರೆ ಸಾಕು. ಗೋದಾಮು, ಜಾತ್ರೆ ಮೈದಾನದ ಷೆಡ್ಡು, ಹಳೇ ರಿಂಕು ಯಾವುದಾದರೂ ನಡೆಯುತ್ತೆ. ಊರೂರಲ್ಲಿ ಲೀಗ್‌ಗಳು ಹುಟ್ಟಿದವು. 2004ರಲ್ಲಿ ಅವೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡವು, ಮರುವರ್ಷ ಅದಕ್ಕೆ ವಿಮೆನ್ಸ್ ಫ್ಲ್ಯಾಟ್ ಟ್ರ್ಯಾಕ್ ಡರ್ಬಿ ಅಸೋಸಿಯೇಷನ್ ಅನ್ನೋ ಹೆಸರು ಬಂತು. ಲೀಗ್ ನಡೆಸೋರು ಆಟಗಾರರೇ. ಬಾಡಿಗೆ ಕಟ್ಟೋದು, ಪೋಸ್ಟರ್ ಮಾಡೋದು, ಟೇಪ್ ಅಂಟಿಸೋದು, ಕಸ ಗುಡಿಸೋದು ಎಲ್ಲ ನಾವೇ. ನಮಗೆ ಮಾಲೀಕ ಇಲ್ಲ. ಹಾಗಾಗಿ 1973ರ ಹಾಗೆ ಯಾರೋ ಒಬ್ಬ ಬಂದು ಬಾಗಿಲು ಹಾಕೋಕೂ ಆಗಲ್ಲ.

ಆದ್ರೆ ಮಾಲೀಕ ಇಲ್ಲದ ಆಟ ಬೇರೆ ರೀತಿ ಸಾಯುತ್ತೆ. ಜನ ಒಬ್ಬೊಬ್ಬರಾಗಿ ಬರೋದು ನಿಲ್ಲಿಸ್ತಾರೆ. 2020ರಲ್ಲಿ ಕೊರೊನಾ ಬಂದು ಇಡೀ ವರ್ಷದ ಆಟ ರದ್ದಾಯ್ತು. ಮೈಗೆ ಮೈ ತಾಗಿಸದೆ ಆಡೋ ಆಟ ಅಲ್ಲವಲ್ಲ ಇದು! ಮತ್ತೆ ಶುರುವಾದಾಗ ನಮ್ಮ ಲೀಗಿಗೆ ವಾಪಸ್ ಬಂದವರು ಅರ್ಧಕ್ಕಿಂತ ಕಡಿಮೆ. ಕೆಲವರಿಗೆ ಕೆಲಸ ಬದಲಾಗಿತ್ತು, ಕೆಲವರಿಗೆ ಮಕ್ಕಳಾಗಿದ್ದವು, ಕೆಲವರಿಗೆ ಸುಮ್ಮನೆ ಅಭ್ಯಾಸ ತಪ್ಪಿಹೋಗಿತ್ತು. ಹಾಲಿನ ಬಾಡಿಗೆ ಮಾತ್ರ ಏರ್ತಾನೇ ಇದೆ, ಅದನ್ನ ಹಂಚಿಕೊಳ್ಳೋ ತಲೆಗಳು ಕಮ್ಮಿಯಾಗಿವೆ. ಇನ್ನೊಂದು ಹತ್ತು ಜನ ಬಿಟ್ಟರೆ ವಾರಕ್ಕೆ ಎರಡು ದಿನ ಹಾಲ್ ಹಿಡಿಯೋಕೆ ಆಗಲ್ಲ. ಹಾಲ್ ಇಲ್ಲದಿದ್ರೆ ಲೀಗ್ ಇಲ್ಲ. ಆದ್ದರಿಂದ ಈ ವಾರಾಂತ್ಯದ ಪ್ರಶ್ನೆ ನನ್ನ ಪ್ರಕಾರ ಒಂದೇ: ಭಾನುವಾರ ಸಂಜೆ ಮನೆಗೆ ಹೋಗೋವಾಗ ಎಷ್ಟು ಜನ "ಮುಂದಿನ ತಿಂಗಳೂ ಬರ್ತೀನಿ" ಅಂದ್ಕೊಂಡು ಹೋಗ್ತಾರೆ?

ಈ ದೃಷ್ಟಿಯಿಂದ ಕಪ್ ಪಕ್ಷದ ಲೆಕ್ಕ ನೋಡೋಣ. ನಾಲ್ಕು ತಂಡ, ತಂಡಕ್ಕೆ 15 ಜನ, ಒಟ್ಟು 60. ಎಲ್ಲರೂ ಎಲ್ಲರ ಮೇಲೆ ಆಡಿದ್ರೆ ಆರು ಪಂದ್ಯ. ಗಡಿಯಾರದಲ್ಲಿ ಒಂದು ಗಂಟೆಯ ಆಟ ಅಂದ್ರೂ ವಾರ್ಮಪ್, ಟೈಮ್‌ಔಟ್, ಮಧ್ಯಂತರ ಎಲ್ಲ ಸೇರಿ ಎರಡು ಗಂಟೆ. ಅಲ್ಲಿಗೆ ಹನ್ನೆರಡು ಗಂಟೆ ಹಾಲ್ ಬೇಕು. ಒಬ್ಬೊಬ್ಬಳಿಗೆ ಮೂರು ಪಂದ್ಯ. ಹದಿನೈದು ಜನರಲ್ಲಿ ಒಂದು ಸಲಕ್ಕೆ ಐದು ಜನ ಮಾತ್ರ ಟ್ರ್ಯಾಕಿನ ಮೇಲೆ, ಅಂದ್ರೆ ಸಮನಾಗಿ ಹಂಚಿದರೆ ತಲೆಗೆ ಒಂದು ಗಂಟೆ ಆಟ ಸಿಗುತ್ತೆ. ಆದ್ರೆ ಕಪ್ ಎದುರಿಗಿದ್ದಾಗ ಯಾರು ಸಮನಾಗಿ ಹಂಚ್ತಾರೆ? ಅಂಕ ಹತ್ತಿರ ಬಂದ ಕೂಡಲೇ ಬೆಂಚಿನಿಂದ ಎದ್ದು ಹೋಗೋರು ಅದೇ ಏಳೆಂಟು ಜನ. ನೂರು ಮೈಲಿ ಕಾರ್ ಓಡಿಸಿಕೊಂಡು ಬಂದ ಹೊಸಬಳು ಎರಡು ದಿನ ನೀರಿನ ಬಾಟಲಿ ಕಾಯ್ತಾಳೆ. ಕೋಚ್‌ಗಳನ್ನ ನಾನು ಬಯ್ಯಲ್ಲ, ಗೆಲ್ಲೋಕೆ ಅಂತ ಕರೆದ ಮೇಲೆ ಗೆಲ್ಲೋ ಹಾಗೇ ಆಡಿಸ್ತಾರೆ. ಆದ್ರೆ ಬಿಟ್ಟುಹೋಗೋಕೆ ಯೋಚಿಸ್ತಿರೋದು ಆ ಏಳೆಂಟು ಜನ ಅಲ್ಲ, ಈ ಬಾಟಲಿ ಕಾಯೋಳು.

ಈಗ ಚೀಟಿ ಲೆಕ್ಕ. ಅದೇ 60 ಜನ. ಬರೋರೆಲ್ಲ ಒಂದು ಕಪ್ಪು, ಒಂದು ಬಿಳಿ ಅಂಗಿ ತರಬೇಕು, ಎರಡರ ಮೇಲೂ ನಂಬರ್ ಇರಬೇಕು. (ಡರ್ಬಿಯವರ ಬ್ಯಾಗಲ್ಲಿ ಈ ಎರಡು ಅಂಗಿ ಇದ್ದೇ ಇರುತ್ತೆ.) ಚೀಟಿ ಎತ್ತಿ ಕಡೆಗೆ ಹತ್ತು ಜನರ ಹಾಗೆ ಕಪ್ಪು-ಬಿಳಿ ಮಾಡೋದು, ಒಂದೇ ಅರ್ಧ, ಅಂದ್ರೆ 30 ನಿಮಿಷದ ಆಟ. ಮುಂದಿನ ಆಟಕ್ಕೆ ಮತ್ತೆ ಚೀಟಿ. ಹತ್ತರಲ್ಲಿ ಐದು ಜನ ಟ್ರ್ಯಾಕಿನ ಮೇಲಿರೋದ್ರಿಂದ ಒಂದು ಸರದಿ ಬಿಟ್ಟು ಒಂದು ಸರದಿ ಆಟ. ಒಬ್ಬೊಬ್ಬರಿಗೆ ಇಂಥ ನಾಲ್ಕು ಆಟ ಅಂದ್ರೆ ಒಟ್ಟು 12 ಆಟ, ಮುಕ್ಕಾಲು ಗಂಟೆಗೊಂದರ ಹಾಗೆ ಒಂಬತ್ತು ಗಂಟೆ. ಹಾಲ್ ಬಾಡಿಗೆ ಮೂರು ಗಂಟೆ ಉಳೀತು. ತಲೆಗೆ ಸಿಗೋ ಆಟ ಅದೇ ಒಂದು ಗಂಟೆ, ಆದ್ರೆ ಈ ಸಲ ಅದು ಪ್ರತಿಯೊಬ್ಬಳಿಗೂ ನಿಜವಾಗ್ಲೂ ಸಿಗುತ್ತೆ.

ಇದರ ಲಾಭ ಲೆಕ್ಕಕ್ಕಿಂತ ದೊಡ್ಡದು. ಹೋದ ವರ್ಷ ಪಕ್ಕದ ರಾಜ್ಯದಲ್ಲಿ ಇಂಥದ್ದೊಂದು ವಾರಾಂತ್ಯಕ್ಕೆ ಹೋಗಿದ್ದೆ. ಅಲ್ಲಿ ಎರಡನೇ ಆಟದಲ್ಲಿ ಚೀಟಿಯಲ್ಲಿ ನನ್ನ ಕಡೆ ಬಂದವಳು ಯಾರಂದ್ರೆ, ಮೂರು ವರ್ಷದಿಂದ ಪ್ರತಿ ಪಂದ್ಯದಲ್ಲೂ ನನ್ನ ಎಡಭುಜದ ಪಕ್ಕದಿಂದ ಜಾರಿಕೊಂಡು ಹೋಗ್ತಿದ್ದ ಜ್ಯಾಮರ್. ಬೆಂಚಿನ ಮೇಲೆ ಕೂತಾಗ ಅವಳೇ ಹೇಳಿದಳು, "ನೀನು ತಿರುಗಿ ನೋಡೋ ಮೊದಲು ಬಲಗಾಲಿಗೆ ಭಾರ ಹಾಕ್ತೀಯ, ನನಗೆ ಅದೇ ಸೂಚನೆ" ಅಂತ. ಮೂರು ವರ್ಷದಲ್ಲಿ ನನ್ನ ಕೋಚ್‌ಗಳ ಕಣ್ಣಿಗೆ ಬೀಳದ್ದು ಅವಳಿಗೆ ಗೊತ್ತಿತ್ತು. ಎದುರಾಳಿಯಾಗಿ ಅವಳು ಅದನ್ನ ಯಾಕೆ ಹೇಳ್ತಾಳೆ? ಒಂದೇ ಬಣ್ಣದ ಅಂಗಿ ಹಾಕಿದ ಮೇಲೆ ಹೇಳಿದಳು. ಈಗ ಅವಳಿಗೆ ಆ ಕಡೆ ದಾರಿ ಇಲ್ಲ. ಬಲಗಡೆಯಿಂದ ಹೋಗ್ತಾಳೆ, ಅದು ಬೇರೆ ವಿಷಯ :-)

ಬೆರೆಸಿ ಆಡೋದು ನಾವು ಕಂಡುಹಿಡಿದ ಹೊಸ ವಿದ್ಯೆಯೇನಲ್ಲ. ಲಾಸ್ ವೇಗಸ್‌ನಲ್ಲಿ 2005ರಲ್ಲಿ ಶುರುವಾದ ರೋಲರ್‌ಕಾನ್ ಅನ್ನೋ ಡರ್ಬಿ ಜಾತ್ರೆಯ ಹೆಸರುವಾಸಿ ಆಟಗಳೇ ಇಂಥವು. ಊರು, ಲೀಗ್ ಬಿಟ್ಟು ಯಾವುದೋ ಒಂದು ತಮಾಷೆಯ ವಿಷಯ ಹಿಡಿದು ತಂಡ ಕಟ್ಟಿಕೊಂಡು ಸವಾಲು ಹಾಕೋದು. ನಮ್ಮ ವಾರಾಂತ್ಯಕ್ಕೆ ನಾನು ಕೊಟ್ಟಿರೋ ಸಲಹೆ, ಕೊನೆಯ ಆಟ ಕಾಫಿಯವರು ಮತ್ತು ಟೀಯವರ ನಡುವೆ ಆಗಲಿ ಅಂತ. ಅಮೆರಿಕದಲ್ಲಿ ಟೀ ತಂಡಕ್ಕೆ ಹತ್ತು ಜನ ಸಿಗ್ತಾರಾ ಅನ್ನೋದೇ ಅನುಮಾನ.

ಇನ್ನು ಚೀಟಿ ಎತ್ತಿದ ಮಾತ್ರಕ್ಕೆ ಕೂಟ ಚೆನ್ನಾಗಿ ಆಗಲ್ಲ. ಏನೇನು ಸರಿಯಿರಬೇಕು ಅಂತ ನನಗನಿಸಿದ್ದನ್ನ ಹೇಳ್ತೀನಿ.

ಮೊದಲನೆಯದು ನೆಲ. ಇದನ್ನ ಬಹಳ ಸಲ ಮರೀತಾರೆ. ಸ್ಕೇಟ್ ಚಕ್ರಗಳಲ್ಲಿ ಮೆತ್ತಗಿನವು, ಗಟ್ಟಿಯವು ಅಂತ ಇರುತ್ತೆ. ಪಾಲಿಶ್ ಮಾಡಿದ ನುಣುಪು ಕಾಂಕ್ರೀಟಿಗೆ ಹಿಡಿತ ಸಿಗಬೇಕು ಅಂದ್ರೆ ಮೆತ್ತಗಿನ ಚಕ್ರ ಬೇಕು. ಅಂಟಂಟಾಗಿ ಹಿಡಿಯೋ ನೆಲಕ್ಕೆ ಗಟ್ಟಿಯ ಚಕ್ರ ಬೇಕು, ಇಲ್ಲದಿದ್ರೆ ಕೆಸರಲ್ಲಿ ನಡೆದ ಹಾಗೆ ಆಗುತ್ತೆ. ಆಹ್ವಾನದಲ್ಲೇ "ನೆಲ ಇಂಥದ್ದು" ಅಂತ ಒಂದು ಸಾಲು ಬರೆದರೆ ಬರೋರು ಸರಿಯಾದ ಚಕ್ರ ತರ್ತಾರೆ. ಒಂದು ಸಾಲು ಬರೆಯೋಕೆ ದುಡ್ಡು ಖರ್ಚಿಲ್ಲ. ಬರೆಯದಿದ್ರೆ ಹೊರಗಿನವರೆಲ್ಲ ಜಾರಿ ಬೀಳ್ತಾರೆ, ನಾವು ನಮ್ಮ ಮನೆ ನೆಲದ ಮೇಲೆ ಮಿಂಚ್ತೀವಿ. ಅದು ಆತಿಥ್ಯ ಅಲ್ಲ.

ಎರಡನೆಯದು ಅಮ್ಮನ ಪ್ರಶ್ನೆ. ಬಿದ್ದರೆ ನೋಡ್ಕಳೋರು ಯಾರು? ಹೆಲ್ಮೆಟ್, ಹಲ್ಲಿನ ಗಾರ್ಡ್, ಮೊಣಕೈ-ಮಣಿಕಟ್ಟು-ಮಂಡಿ ಪ್ಯಾಡು ಇಲ್ಲದೆ ಯಾರೂ ಟ್ರ್ಯಾಕಿಗೆ ಇಳಿಯೋ ಹಾಗಿಲ್ಲ, ಅದು ಸರಿ. ಅದರ ಮೇಲೂ ಆಟ ನಡೆಯೋ ಅಷ್ಟು ಹೊತ್ತು ಇಬ್ಬರು ತರಬೇತಿ ಪಡೆದ ವೈದ್ಯಕೀಯ ಸಿಬ್ಬಂದಿ ಟ್ರ್ಯಾಕ್ ಪಕ್ಕ ಕೂತಿರಬೇಕು. ಸ್ನೇಹದ ಆಟ ತಾನೇ, ಒಬ್ಬರು ಸಾಕು, ಅವರಿಗೆ ಕೊಡೋ ದುಡ್ಡು ಉಳಿಯುತ್ತೆ ಅನ್ನೋ ಮಾತು ಪ್ರತಿ ಸಲ ಬರುತ್ತೆ. ಆ ಮಾತಿಗೆ ನಾನು ಸೊಪ್ಪು ಹಾಕಲ್ಲ. ಒಬ್ಬರು ಗಾಯಾಳು ಜೊತೆ ಹೋದ್ರೆ ಇನ್ನೊಬ್ಬರು ಬೇಕಲ್ಲ? ಈ ದೇಶದಲ್ಲಿ ಪಾದದ ಮೂಳೆ ಮುರಿದರೆ ಮೂಳೆಯ ನೋವಿಗಿಂತ ಬಿಲ್ಲಿನ ನೋವು ಜಾಸ್ತಿ ದಿನ ಇರುತ್ತೆ. ಹಾಗಾಗಿ ಆಟಗಾರರ ವಿಮೆ ಇದೆಯಾ ಅಂತ ಹೆಸರು ಬರೆಸಿಕೊಳ್ಳೋವಾಗಲೇ ನೋಡಬೇಕು, ಹತ್ತಿರದ ಆಸ್ಪತ್ರೆಯ ವಿಳಾಸ ಗೋಡೆ ಮೇಲೆ ದೊಡ್ಡದಾಗಿ ಅಂಟಿಸಬೇಕು. ತಲೆಗೆ ಪೆಟ್ಟಾಯ್ತು ಅಂತ ಅನುಮಾನ ಬಂದ್ರೂ ಅವಳ ಆಟ ಅವತ್ತಿಗೆ ಮುಗೀತು. ಅವಳು ಎಷ್ಟೇ "ನಾನು ಚೆನ್ನಾಗಿದೀನಿ" ಅಂದ್ರೂ ಅಷ್ಟೇ.

ಮೂರನೆಯದು ಆಟ ಆಡದವರು. ಒಂದು ಪೂರ್ತಿ ಪಂದ್ಯಕ್ಕೆ ಏಳು ಜನ ಸ್ಕೇಟ್ ಹಾಕಿದ ರೆಫರಿಗಳು ಬೇಕು. ಇದಲ್ಲದೆ ಅಂಕ ಬರೆಯೋರು, ಸರದಿಯ ಗಡಿಯಾರ ಹಿಡಿಯೋರು, ತಪ್ಪು ಮಾಡಿದವರನ್ನ 30 ಸೆಕೆಂಡ್ ಕೂರಿಸಿ ಸಮಯ ನೋಡೋರು ಅಂತ ಹತ್ತು ಹನ್ನೆರಡು ಜನ ಬೇಕು. ಇವರಿಗೆ ಸಾಮಾನ್ಯವಾಗಿ ಸಂಬಳ ಇಲ್ಲ, ಚಪ್ಪಾಳೆಯೂ ಇಲ್ಲ. ಮಂಡಿ ನೋವಿದ್ದಾಗ ನಾನೂ ಸ್ಟಾಪ್‌ವಾಚ್ ಹಿಡಿದು ಕೂತಿದೀನಿ, ಬೆಳಗ್ಗೆಯಿಂದ ಸಂಜೆವರೆಗೆ. ಆಟಗಾರರೆಲ್ಲ ಹೋಗಿ ತಿಂದು ಬಂದ ಮೇಲೆ ನಮ್ಮ ಪಾಲಿಗೆ ಪಿಜ್ಜಾದ ಅಂಚು ಉಳಿದಿರುತ್ತೆ. ಕಪ್ ಪಕ್ಷದ ಹನ್ನೆರಡು ಗಂಟೆಯ ಲೆಕ್ಕದಲ್ಲಿ ಇದೇ ಜನ ಎರಡೂ ದಿನ ಕೂರಬೇಕು. ಚೀಟಿ ಆಟದಲ್ಲಿ ನಾಲ್ಕು ರೆಫರಿ, ಆರು ಜನ ಮೇಜಿನವರು ಸಾಕು ಅಂತ ನನ್ನ ಅಭಿಪ್ರಾಯ, ಮತ್ತೆ ಆ ಆರರಲ್ಲಿ ಹೆಚ್ಚಿನವರು ಆಟಗಾರರೇ ಆಗಿರಲಿ. ಒಬ್ಬೊಬ್ಬರೂ ಎರಡು ದಿನದಲ್ಲಿ ಒಂದೇ ಒಂದು ಆಟಕ್ಕೆ ಕೂರಲಿ. ರೆಫರಿಗೆ ಕಿರುಚೋ ಆಟಗಾರ್ತಿ ಒಂದು ಸಲ ಗಡಿಯಾರ ಹಿಡಿದು ಕೂತರೆ ಮುಂದಿನ ಸಲ ಧ್ವನಿ ಅರ್ಧ ಆಗುತ್ತೆ. ಊಟದ ಸಾಲಿನಲ್ಲಿ ಮಾತ್ರ ರೆಫರಿಗಳು ಮೊದಲು. ಇದರಲ್ಲಿ ರಾಜಿ ಇಲ್ಲ.

ನಾಲ್ಕನೆಯದು ಊಟ. ಇದರಲ್ಲಿ ಮಾತ್ರ ಲೀಗಿನವರೆಲ್ಲ ನನ್ನ ಮಾತು ಕೇಳ್ತಾರೆ. ಇಲ್ಲಿನ ಪದ್ಧತಿ ಬೆಳಗ್ಗೆ ಡೋನಟ್, ಮಧ್ಯಾಹ್ನ ಪಿಜ್ಜಾ. ಗಟ್ಟಿ ಚೀಸ್ ಹೊಟ್ಟೆಗೆ ಹಾಕಿಕೊಂಡು ಒಂದು ಗಂಟೆಗೆ ಆಟಕ್ಕೆ ಇಳಿದರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೋದ ಬೇಸಿಗೆಯಲ್ಲಿ ನಮ್ಮದೇ ಒಂದು ಅಭ್ಯಾಸದ ದಿನಕ್ಕೆ ನಾನು ಒಂದು ದೊಡ್ಡ ಪಾತ್ರೆ ಮೊಸರನ್ನ, ಒಂದು ದೊಡ್ಡ ಪಾತ್ರೆ ಚಿತ್ರಾನ್ನ ಮಾಡಿಕೊಂಡು ಹೋಗಿದ್ದೆ. ಬೆವರು ಸುರಿಸಿದ ಮೈಗೆ ಉಪ್ಪು, ಅನ್ನ, ತಣ್ಣಗಿನ ಮೊಸರು. ಮೊದಲು ಅನುಮಾನದಿಂದ ನೋಡಿದವರೇ ಪಾತ್ರೆ ಕೆರೆದು ತಿಂದರು. ಚಿತ್ರಾನ್ನಕ್ಕೆ ಶೇಂಗಾ ಹಾಕಿರಲಿಲ್ಲ, ಬೇರೆ ಡಬ್ಬಿಯಲ್ಲಿಟ್ಟು "ಶೇಂಗಾ ಇದೆ, ಎಚ್ಚರ" ಅಂತ ಚೀಟಿ ಅಂಟಿಸಿದ್ದೆ. ಶೇಂಗಾ ಅಲರ್ಜಿ ಇದ್ದವರಿಗೆ ಅದು ಪ್ರಾಣದ ಪ್ರಶ್ನೆ. ನೂರು ಜನರಿಗೆ ಅಡುಗೆ ಮಾಡೋರು ಯಾವ ಪಾತ್ರೆಯಲ್ಲಿ ಏನಿದೆ ಅಂತ ಬರೆದು ಅಂಟಿಸೋದನ್ನ ನಮ್ಮ ಕನ್ನಡ ಸಂಘಗಳ ಹಬ್ಬದೂಟದಲ್ಲೂ ಕಲಿತರೆ ಒಳ್ಳೇದು ಅಂತ ಪಕ್ಕದಲ್ಲೇ ಒಂದು ಮಾತು ಹೇಳಿಬಿಡ್ತೀನಿ.

ಐದನೆಯದು ಶನಿವಾರ ರಾತ್ರಿ. ಪಂದ್ಯ ಮುಗಿದ ಮೇಲೆ ಎರಡೂ ಕಡೆಯವರು ಒಟ್ಟಿಗೆ ಪಾರ್ಟಿ ಮಾಡೋದು ಡರ್ಬಿಯ ಹಳೇ ಸಂಪ್ರದಾಯ. ಅದು ನನಗೆ ಇಷ್ಟವೇ. ಮಧ್ಯಾಹ್ನ ನನ್ನ ಪಕ್ಕೆಲುಬಿಗೆ ಗುದ್ದಿದವಳು ಸಂಜೆ ನನ್ನ ಪಕ್ಕ ಕೂತು ಮಗಳ ಫೋಟೋ ತೋರಿಸ್ತಾಳೆ. ಆದ್ರೆ ಪಾರ್ಟಿ ಅಂದ್ರೆ ಬಾರ್ ಒಂದೇ ಅಂತ ಆಗಬಾರದು. ಕುಡಿಯದವರಿದಾರೆ, ಕುಡಿಯೋದು ಬಿಟ್ಟು ಕಷ್ಟಪಟ್ಟು ದೂರ ಇರೋರಿದಾರೆ, ಮಕ್ಕಳನ್ನ ಕರೆದುಕೊಂಡು ಬಂದವರಿದಾರೆ. ಅವರೆಲ್ಲ ಒಂಬತ್ತು ಗಂಟೆಗೆ ಹೋಟೆಲ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಕೂಟ ಕರೆದಿದ್ದು ಯಾಕೆ? ಯಾರದಾದರೂ ಹಿತ್ತಲಲ್ಲಿ ಬೆಂಕಿ ಹಾಕಿ, ನಾಲ್ಕು ಬೋರ್ಡ್ ಗೇಮ್ ಇಟ್ಟು, ತಿನ್ನೋಕೆ ಏನಾದ್ರೂ ಇಟ್ಟರೆ ಸಾಕು. ಬಾರಿಗೆ ಹೋಗೋರು ಆಮೇಲೆ ಹೋಗ್ತಾರೆ, ದಾರಿ ಅವರಿಗೆ ಗೊತ್ತಿದೆ.

ದೂರದಿಂದ ಬಂದವರನ್ನ ಮನೆಗಳಲ್ಲಿ ಮಲಗಿಸೋ ವಿಷಯಕ್ಕೆ ನನ್ನ ಪೂರ್ತಿ ಬೆಂಬಲ ಇದೆ, ಒಂದೇ ಷರತ್ತು: ಸ್ಕೇಟ್ ಬ್ಯಾಗುಗಳು ಜಗಲಿಯಲ್ಲೇ ಇರಲಿ. ಒಂದು ದಿನ ಆಡಿದ ಪ್ಯಾಡುಗಳ ವಾಸನೆ ಬಗ್ಗೆ ಹೇಳಬೇಕಂದ್ರೆ ನಮ್ಮೂರ ಮಳೆಗಾಲದ ಒದ್ದೆ ಕಂಬಳಿಗೆ ಅವಮಾನ ಆಗುತ್ತೆ.

ಆರನೆಯದು ಭಾನುವಾರ ಬೆಳಗ್ಗೆ. ಹತ್ತು ಗಂಟೆವರೆಗೆ ಆಟ ಬೇಡ. ಬೇಗ ಎದ್ದವರು ಒಟ್ಟಿಗೆ ಕೂತು ಸ್ಕೇಟಿನ ಬೇರಿಂಗ್ ಬಿಚ್ಚಿ ತೊಳೆಯಲಿ, ಮೈ ಕೈ ಎಳೆದುಕೊಳ್ಳಲಿ. ಪಕ್ಕದಲ್ಲೇ ಒಂದು ಮೇಜು ಹಾಕಿ ಹಳೇ ಸಾಮಾನಿನ ಸಂತೆ ಮಾಡಬೇಕು. ಹೊಸದಾಗಿ ಸೇರೋಳಿಗೆ ಸ್ಕೇಟ್ಸ್, ಹೆಲ್ಮೆಟ್, ಪ್ಯಾಡು ಎಲ್ಲ ಸೇರಿ ನೂರಾರು ಡಾಲರ್ ಆಗುತ್ತೆ. ಎಷ್ಟೋ ಜನ ಆ ಬೆಲೆ ನೋಡಿಯೇ ವಾಪಸ್ ಹೋಗ್ತಾರೆ. ಹಳಬರ ಗ್ಯಾರೇಜಲ್ಲಿ ಮಾತ್ರ ಮೂರು ಮೂರು ಜೊತೆ ಚಕ್ರ ಧೂಳು ತಿಂತಿರುತ್ತೆ. ಹಳೇ ಹೆಲ್ಮೆಟ್ ಒಂದು ಬಿಟ್ಟು (ಪೆಟ್ಟು ತಿಂದಿದ್ದರೆ ಹೊರಗಿನಿಂದ ಗೊತ್ತಾಗಲ್ಲ) ಉಳಿದದ್ದೆಲ್ಲ ಕೈ ಬದಲಾಗಲಿ. ಇಪ್ಪತ್ತು ಡಾಲರಿಗೆ ಮಂಡಿ ಪ್ಯಾಡ್ ಸಿಕ್ಕಿದ ಹುಡುಗಿ ಮುಂದಿನ ತಿಂಗಳೂ ಬರ್ತಾಳೆ.

ಈಗ ಕಪ್ ಪಕ್ಷದವರ ಆಕ್ಷೇಪಗಳು. ಅವು ಪೊಳ್ಳು ಅಂತ ನಾನು ಹೇಳಲ್ಲ.

ಕಪ್ ಇಲ್ಲದಿದ್ರೆ ನೋಡೋಕೆ ಜನ ಬರಲ್ಲ, ಟಿಕೆಟ್ ದುಡ್ಡು ಬರಲ್ಲ ಅಂತಾರೆ. ನಿಜ, ಚೀಟಿ ಆಟಕ್ಕೆ ಊರಿನವರು ಟಿಕೆಟ್ ತಗೊಂಡು ಬರೋದು ಕಷ್ಟ. ಅದಕ್ಕೇ ಶನಿವಾರ ಸಂಜೆ ಒಂದೇ ಒಂದು ಪೂರ್ತಿ ಪಂದ್ಯ, ನಮ್ಮೂರ ತಂಡ ಮತ್ತು ಬಂದವರಲ್ಲಿ ಆರಿಸಿದ ತಂಡದ ನಡುವೆ ಇಡೋಣ. ಅದಕ್ಕೆ ಟಿಕೆಟ್ ಇರಲಿ, ಪೋಸ್ಟರ್ ಇರಲಿ, ಏಳು ಜನ ರೆಫರಿಗಳೂ ಇರಲಿ. ಉಳಿದ ಮೂರು ಗಂಟೆಯ ಬಾಡಿಗೆಯಲ್ಲಿ ಎರಡು ಗಂಟೆ ಇದಕ್ಕೆ ಹೋಗುತ್ತೆ, ಹೋಗಲಿ. ಖರ್ಚು ವೆಚ್ಚದ ಲೆಕ್ಕವನ್ನ ಭಾನುವಾರ ಸಂಜೆ ಗೋಡೆ ಮೇಲೆ ಅಂಟಿಸಿದರೆ ಯಾರಿಗೂ ಅನುಮಾನ ಉಳಿಯಲ್ಲ.

ಚೆನ್ನಾಗಿ ಆಡೋರಿಗೆ ಬೇಜಾರಾಗುತ್ತೆ ಅಂತಾರೆ. ಅವರಿಗೆ ಅಂತಲೇ ಒಂದು ಆಟ ಮೀಸಲಿಡೋಣ, ಪೂರ್ತಿ ವೇಗದಲ್ಲಿ. ಉಳಿದ ಹೊತ್ತು ಅವರು ಕಲಿಸಲಿ. ಕಲಿಸೋದರಲ್ಲಿ ಒಂದು ಸುಖ ಇದೆ, ಅದು ಒಂದು ಸಲ ಹತ್ತಿದವರಿಗೆ ಗೊತ್ತು.

ಮೂರನೇ ಆಕ್ಷೇಪ ಗಟ್ಟಿಯಾದದ್ದು: ಹೊಸಬರನ್ನ, ಹಳಬರನ್ನ ಬೆರೆಸಿದರೆ ಪೆಟ್ಟಾಗುತ್ತೆ. ಇದು ನಿಜ, ಇದಕ್ಕೆ ಹಾರಿಕೆಯ ಉತ್ತರ ನಡೆಯಲ್ಲ. ಬೀಳೋದು ಗೊತ್ತಿಲ್ಲದವಳಿಗೆ ಓಡಿಬಂದು ಗುದ್ದಿದರೆ ಮೂಳೆ ಮುರಿಯುತ್ತೆ. ಅದಕ್ಕೇ ಹೆಸರು ಬರೆಸೋವಾಗಲೇ ಎ, ಬಿ, ಸಿ ಅಂತ ಮೂರು ಮಟ್ಟ ಕೇಳಬೇಕು, ಅವರವರ ಕೋಚ್ ಅದಕ್ಕೆ ಹೂಂ ಅನ್ನಬೇಕು. ಸಿ ಮಟ್ಟದವರಿರೋ ಆಟದಲ್ಲಿ ದೂರದಿಂದ ಓಡಿಬಂದು ಗುದ್ದೋದು ನಿಷೇಧ, ಪಕ್ಕದಲ್ಲಿ ನಿಂತು ತಡೆಯೋದು ಮಾತ್ರ. ಒಂದು ಸಲ ಮೀರಿದರೆ ಎಚ್ಚರಿಕೆ, ಎರಡನೇ ಸಲ ಆ ಆಟದಿಂದ ಹೊರಗೆ, ಅವಳು ಎಂಥ ತಾರೆಯಾದ್ರೂ ಸರಿ. ಸಿ ಮತ್ತು ಎ ಮಟ್ಟದವರನ್ನ ಒಂದೇ ಚೀಟಿ ಡಬ್ಬಿಗೆ ಹಾಕೋದು ಎರಡು ದಿನದಲ್ಲಿ ಒಂದೇ ಸಲ. ಉಳಿದ ಆಟಗಳಲ್ಲಿ ಪಕ್ಕಪಕ್ಕದ ಮಟ್ಟಗಳು ಮಾತ್ರ ಬೆರೆಯಲಿ. ಇಷ್ಟು ಮಾಡಿದರೂ ಪೆಟ್ಟಾಗಬಹುದು, ಡರ್ಬಿಯಲ್ಲಿ ಅದು ಇದ್ದದ್ದೇ. ಆದ್ರೆ ಟೂರ್ನಮೆಂಟಿನಲ್ಲಿ ಹೊಸಬಳನ್ನ ಕೊನೇ ಪಂದ್ಯದಲ್ಲಿ, ಸೋಲೋದು ಖಚಿತವಾದ ಮೇಲೆ, ತಣ್ಣಗಾದ ಮೈಯಲ್ಲಿ ಎದುರಿನ ಅತಿ ಬಲವಾದ ತಂಡದ ಮುಂದೆ ಇಳಿಸ್ತಾರಲ್ಲ, ಅದಕ್ಕಿಂತ ಇದು ಸುರಕ್ಷಿತ.

ಮುಂದಿನ ಬುಧವಾರ ವೋಟು. ನನ್ನ ಲೆಕ್ಕದಲ್ಲಿ ನಾವು ಮೂರು ಓಟಿನಿಂದ ಹಿಂದಿದೀವಿ. ಮೂರು ಜನ ಇನ್ನೂ ಯಾವ ಕಡೆ ಅಂತ ಹೇಳಿಲ್ಲ, ಮೂವರೂ ಹೋದ ವರ್ಷ ಸೇರಿದ ಹೊಸಬರು. ಅವರ ಹತ್ತಿರ ನಾನು ವಾದ ಮಾಡಲ್ಲ. "ಕಳೆದ ಪಂದ್ಯದಲ್ಲಿ ನೀವು ಎಷ್ಟು ಸರದಿ ಆಡಿದ್ರಿ?" ಅಂತ ಮಾತ್ರ ಕೇಳ್ತೀನಿ. ಸೋತರೆ ಕಪ್ ಪಕ್ಷದವರ ಜೊತೆ ಸೇರಿ ಟೇಪ್ ಅಂಟಿಸ್ತೀನಿ, ಮೊಸರನ್ನವನ್ನೂ ಮಾಡ್ತೀನಿ. ನೆಲದ ಬಗ್ಗೆ ಒಂದು ಸಾಲು, ಇಬ್ಬರು ವೈದ್ಯಕೀಯ ಸಿಬ್ಬಂದಿ, ರೆಫರಿಗಳಿಗೆ ಮೊದಲ ಊಟ, ಈ ಮೂರನ್ನ ಮಾತ್ರ ಯಾವ ಪಕ್ಷ ಗೆದ್ದರೂ ಬಿಡೋಳಲ್ಲ.

ನೀವೂ ಟ್ರೆಕ್ಕಿಂಗು, ನಾಟಕ, ಓದುಗರ ಕೂಟ, ಕ್ರಿಕೆಟ್ಟು ಅಂತ ಏನಾದ್ರೂ ಒಂದನ್ನ ಎರಡು ದಿನ ನಡೆಸಿದೋರೇ ಇರ್ತೀರಿ. ಹೊಸಬರು ಮೂಲೆಯಲ್ಲಿ ಉಳಿಯದ ಹಾಗೆ ನೀವೇನು ಮಾಡ್ತೀರಿ? ಬುಧವಾರದೊಳಗೆ ಹೇಳಿದರೆ ಮೀಟಿಂಗಿನಲ್ಲಿ ಉಪಯೋಗಕ್ಕೆ ಬರುತ್ತೆ :-)